ಬಣ್ಣ ಬೇರೆಯಾದರೂ ನಡತೆ ಅದೇ ಇರಬೇಕು

(ನಮ್ಮ ಕೂಟದ ರಾಜ್ಯೋತ್ಸವದ ಸಂಜೆ ಆಡಿದ ಮಾತು. ಸಂಚಿಕೆಗೆ ಬರೆದುಕೊಡಿ ಅಂದಿದ್ದಕ್ಕೆ ಬರೆದಿದ್ದೇನೆ. ಆವತ್ತು ಗಡಿಬಿಡಿಯಲ್ಲಿ ಬಿಟ್ಟುಹೋದ ಒಂದೆರಡು ವಿಷಯ ಸೇರಿಸಿದ್ದೇನೆ.)



ಕಾರ್ಯದರ್ಶಿಗಳು ನನಗೆ ಫೋನ್ ಮಾಡಿ, "ನೀವು ಎಲೆಕ್ಟ್ರಿಷಿಯನ್ ಅಲ್ವಾ, ರೂಮಿನಲ್ಲಿ ಕರೆಂಟಿನ ಸುರಕ್ಷತೆ ಬಗ್ಗೆ ಹದಿನೈದು ನಿಮಿಷ ಮಾತಾಡಿ" ಅಂದರು. ಅದನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸ್ತೀನಿ: ಒಂದು ಎಕ್ಸ್‌ಟೆನ್ಷನ್ ಬಾಕ್ಸಿಗೆ ಇಂಡಕ್ಷನ್ ಒಲೆ, ಇಸ್ತ್ರಿ ಪೆಟ್ಟಿಗೆ ಎರಡನ್ನೂ ಹಾಕಬೇಡಿ. ಉಳಿದ ಹೊತ್ತು ನಾನು ಒಂದು ಕಂಪ್ಯೂಟರ್ ಆಟದ ಬಗ್ಗೆ ಮಾತಾಡ್ತೀನಿ. ನಗಬೇಡಿ. ಮೂವತ್ತು ದಾಟಿದವನು ಆಟದ ಬಗ್ಗೆ ಏನು ಮಾತಾಡ್ತಾನೆ ಅನ್ನಿಸಬಹುದು. ಅದರಲ್ಲಿ ನಮ್ಮ ಕಸುಬಿನ ಮಾತೇ ಇದೆ. ನನ್ನದೊಂದು ತಪ್ಪೂ ಇದೆ.

ಆಟದ ಹೆಸರು ಮೈನ್‌ಕ್ರಾಫ್ಟ್. ನಿಮ್ಮ ಮನೆಯ ಮಕ್ಕಳಿಗೆ ಗೊತ್ತಿರುತ್ತೆ. ಸ್ವೀಡನ್ನಿನ ಮಾರ್ಕಸ್ ಪರ್ಸನ್ ಅನ್ನುವವರು 2009ರಲ್ಲಿ ಮೊದಲು ಹೊರಗೆ ಬಿಟ್ಟದ್ದು, ಪೂರ್ತಿ ರೂಪ ಬಂದದ್ದು 2011ರ ನವೆಂಬರಿನಲ್ಲಿ. 2014ರಲ್ಲಿ ಮೈಕ್ರೋಸಾಫ್ಟ್ ಆ ಕಂಪನಿಯನ್ನು ಎರಡೂವರೆ ಬಿಲಿಯನ್ ಡಾಲರಿಗೆ ಕೊಂಡುಕೊಂಡಿತು. ಇದರಲ್ಲಿ ಗೆಲ್ಲಲೇಬೇಕು ಅನ್ನುವ ಒತ್ತಾಯ ಇಲ್ಲ. ಒಂದು ಲೋಕ, ಎಲ್ಲವೂ ಘನಾಕಾರದ ತುಂಡು. ಮಣ್ಣು ಒಂದು ತುಂಡು, ಕಲ್ಲು ಒಂದು ತುಂಡು. ಕಿತ್ತುಕೊಳ್ಳಿ, ಬೇಕಾದಲ್ಲಿ ಇಡಿ, ಬೇಕಾದ್ದು ಕಟ್ಟಿ. ಮಕ್ಕಳು ಮರಳಿನಲ್ಲಿ ಗುಬ್ಬಿಗೂಡು ಕಟ್ಟಿದ ಹಾಗೆ. ಅದಕ್ಕೇ ಇಂಥ ಆಟಕ್ಕೆ ಸ್ಯಾಂಡ್‌ಬಾಕ್ಸ್ ಅಂತ ಹೆಸರು.

ನನಗೆ ಇದು ಅಂಟಿಕೊಂಡದ್ದು 2020ರಲ್ಲಿ. ಮಸ್ಕತ್ತಿನಲ್ಲಿ ನಮ್ಮ ಕ್ಯಾಂಪಿನ ಗೇಟು ಹಾಕಿಬಿಟ್ಟಿದ್ದರು, ಕೊರೊನಾ. ಕೆಲಸ ಇಲ್ಲ, ಓವರ್‌ಟೈಮ್ ಇಲ್ಲ, ಊರಿಗೆ ವಿಮಾನ ಇಲ್ಲ. ನನ್ನ ರೂಮಿನಲ್ಲಿದ್ದ ತ್ರಿಶೂರಿನ ಚೇಟ ಒಬ್ಬರು ಡ್ರಾಫ್ಟ್ಸ್‌ಮನ್, ಅವರ ಹತ್ತಿರ ಲ್ಯಾಪ್‌ಟಾಪ್ ಇತ್ತು, ಅದರಲ್ಲಿ ಈ ಆಟದ ಜಾವಾ ಆವೃತ್ತಿ ಇತ್ತು. ಅವರು ಮನೆ ಕಟ್ಟುತ್ತಿದ್ದರು. ನಾನು ಪಕ್ಕದ ಮಂಚದಿಂದ ನೋಡುತ್ತಾ ಇದ್ದೆ. ಒಂದು ದಿನ ನೆಲದ ಮೇಲೆ ಕೆಂಪು ಪುಡಿ ಸುರಿದರು, ಒಂದು ಹಿಡಿಕೆ ಎಳೆದರು, ದೂರದಲ್ಲಿ ದೀಪ ಹತ್ತಿತು. "ಚೇಟಾ, ಅದೇನು?" ಅಂತ ಎದ್ದು ಕೂತೆ.

ಅದು ರೆಡ್‌ಸ್ಟೋನ್. ಕೆಂಪು ಪುಡಿ ಅಂದರೆ ವೈರು. ಅದರ ಮೇಲೆ ಹೋಗುವ ಸಿಗ್ನಲ್ಲಿಗೆ 15ರವರೆಗೆ ಬಲ ಇರುತ್ತದೆ, ಒಂದೊಂದು ತುಂಡು ದಾಟಿದ ಹಾಗೆ ಒಂದೊಂದು ಕಡಿಮೆ ಆಗುತ್ತದೆ. ಹದಿನೈದು ತುಂಡು ಆದ ಮೇಲೆ ಸತ್ತುಹೋಗುತ್ತದೆ. ನಮ್ಮ ವೋಲ್ಟೇಜ್ ಡ್ರಾಪ್ ಇದ್ದ ಹಾಗೆ. ಮುಂದೆ ಹೋಗಬೇಕಾದರೆ ನಡುವೆ ರಿಪೀಟರ್ ಇಡಬೇಕು. ಆ ರಿಪೀಟರಿಗೆ ಸೆಕೆಂಡಿನ ಹತ್ತನೇ ಒಂದು ಭಾಗದಿಂದ ಹತ್ತನೇ ನಾಲ್ಕರವರೆಗೆ ತಡ ಹಾಕಬಹುದು. ಟೈಮರ್! ರೆಡ್‌ಸ್ಟೋನ್ ಪಂಜು ಅಂತ ಒಂದಿದೆ, ಅದು ಕೂತ ತುಂಡಿಗೆ ಸಿಗ್ನಲ್ ಕೊಟ್ಟರೆ ಆರುತ್ತದೆ, ತೆಗೆದರೆ ಹತ್ತುತ್ತದೆ. ಅಂದರೆ ಎನ್‌ಸಿ ಕಾಂಟ್ಯಾಕ್ಟ್. ಹುಬ್ಬಳ್ಳಿಯ ಐಟಿಐಯಲ್ಲಿ ಎರಡು ವರ್ಷ ಬೋರ್ಡಿನ ಮೇಲೆ ನಾನು ಮಾಡಿದ ಹೋಲ್ಡಿಂಗ್ ಸರ್ಕ್ಯೂಟ್, ಇಂಟರ್‌ಲಾಕ್, ಎಲ್ಲಾ ಇದರಲ್ಲಿ ಮಾಡಬಹುದು ಅಂತ ಗೊತ್ತಾದಾಗ ನನಗೆ ಆ ನಾಲ್ಕು ತಿಂಗಳು ಹೇಗೆ ಹೋದವೋ ತಿಳಿಯಲಿಲ್ಲ.

ಇಲ್ಲಿಂದ ವಿಷಯ ಊರಿಗೆ ಹೋಗುತ್ತದೆ. ರಾಣೆಬೆನ್ನೂರಿನಲ್ಲಿ ನನ್ನ ಅಕ್ಕನ ಮಗ ಇದ್ದಾನೆ, ಆಗ ಎಂಟನೇ ಕ್ಲಾಸು. ನಾನು ಎರಡು ವರ್ಷಕ್ಕೊಮ್ಮೆ ಊರಿಗೆ ಹೋಗುವವನು. ಅವನಿಗೆ ನಾನು ಅಂದರೆ ಫೋನಿನಲ್ಲಿ ಬರುವ ಒಂದು ಮುಖ, ಚಾಕೊಲೇಟ್ ಡಬ್ಬಿ. "ಅರಾಮ ಅದಿಯಾ? ಓದಾಕತ್ತಿಯಾ?" ಅಂತ ಕೇಳಿದ ಮೇಲೆ ಇಬ್ಬರಿಗೂ ಮಾತು ಮುಗಿಯೋದು. ನಿಮಗೂ ಗೊತ್ತಿರುತ್ತೆ ಆ ಕಷ್ಟ. ನಾನು ಈ ಆಟದ ಸುದ್ದಿ ತೆಗೆದೆ ನೋಡಿ, ಹುಡುಗ ಅರ್ಧ ಗಂಟೆ ಫೋನು ಬಿಡಲಿಲ್ಲ.

ಆದರೆ ಅವನ ಹತ್ತಿರ ಇದ್ದದ್ದು ಯಾರೋ ಬಳಸಿ ಬಿಟ್ಟ ಹಳೇ ಲ್ಯಾಪ್‌ಟಾಪ್. ಮೈನ್‌ಕ್ರಾಫ್ಟ್ ಅದರಲ್ಲಿ ಉಸಿರಾಡಲ್ಲ. ದುಡ್ಡೂ ಕೊಡಬೇಕು. ಶಾಲೆಯ ಗೆಳೆಯ ಒಬ್ಬ ಬೇರೆ ದಾರಿ ತೋರಿಸಿದ. ಫಿನ್‌ಲೆಂಡಿನ ಪೆರ್ಟ್ಟು ಅಹೋಲಾ ಅನ್ನುವವರು 2010ರಲ್ಲಿ ಸ್ವಂತ ಹವ್ಯಾಸಕ್ಕೆ ಶುರುಮಾಡಿದ ಮೈನ್‌ಟೆಸ್ಟ್ ಅನ್ನುವ ಎಂಜಿನ್ ಇದೆ, 2024ರಲ್ಲಿ ಅದಕ್ಕೆ ಲುವಾಂಟಿ ಅಂತ ಹೆಸರು ಬದಲಾಯಿಸಿದರು. ಪುಕ್ಕಟೆ, ಹಗುರ, ಯಾರು ಬೇಕಾದರೂ ಒಳಗೆ ತೆರೆದು ನೋಡಬಹುದು. ಅದರ ಮೇಲೆ ಹವ್ಯಾಸಿಗಳು ಕೂಡಿ ಮೈನ್‌ಕ್ರಾಫ್ಟಿನ ನಕಲು ಕಟ್ಟಿದ್ದಾರೆ. ಮೊದಲು ಮೈನ್‌ಕ್ಲೋನ್ 2 ಅಂತ ಇತ್ತು. ಅದರಿಂದ ಒಡೆದು ಬಂದದ್ದು ಮೈನ್‌ಕ್ಲೋನಿಯಾ. ಮೂಲ ಗುಂಪು 2024ರಲ್ಲಿ ತನ್ನ ಹೆಸರನ್ನು ವಾಕ್ಸೆಲಿಬ್ರೆ ಅಂತ ಮಾಡಿಕೊಂಡಿತು. ಹೆಸರಿನಿಂದ 'ಕ್ಲೋನ್' ತೆಗೆದದ್ದರಲ್ಲೇ ಅವರ ಮನಸ್ಸು ಗೊತ್ತಾಗುತ್ತೆ, ನಾವು ಬರೀ ನಕಲಲ್ಲ ಅಂತ. ನಮ್ಮ ಹುಡುಗ ಹಾಕಿಕೊಂಡದ್ದು ಮೈನ್‌ಕ್ಲೋನಿಯಾ.

ಇವರಿಗೆ ಯಾರೂ ಸಂಬಳ ಕೊಡಲ್ಲ. ಹಗಲು ಬೇರೆ ಕೆಲಸ, ರಾತ್ರಿ ಇದು. ಮೂಲ ಆಟದ ಚಿತ್ರ, ಸದ್ದು, ಕೋಡು ಯಾವುದನ್ನೂ ಎತ್ತಿಕೊಳ್ಳುವ ಹಾಗಿಲ್ಲ, ಅದು ಕಂಪನಿಯ ಸ್ವತ್ತು. ಹೊರಗಿನಿಂದ ನೋಡಿ, ಅಳೆದು, ತಮ್ಮದೇ ಕೋಡಿನಲ್ಲಿ ಮತ್ತೆ ಕಟ್ಟಬೇಕು. ಚಿತ್ರಗಳಿಗೆ ಬೇರೆಯವರು ಮುಕ್ತವಾಗಿ ಬಿಟ್ಟ ಚಿತ್ರಸಂಗ್ರಹ ಹಾಕಿದ್ದಾರೆ. ಹಾಗಾಗಿ ಹುಡುಗ ಮೊದಲ ಸಲ ಸ್ಕ್ರೀನಿನ ಫೋಟೋ ಕಳಿಸಿದಾಗ ನನಗೆ ಸೇರಲಿಲ್ಲ. ಹುಲ್ಲಿನ ಹಸಿರು ಬೇರೆ, ಕಲ್ಲಿನ ಮೈ ಬೇರೆ. "ಇದು ಡುಪ್ಲಿಕೇಟ್ ಐತಿ ಬಿಡೋ" ಅಂದೆ.

ಅವನಂದ, "ಮಾಮಾ, ನೀ ಒಮ್ಮೆ ಆಡಿ ನೋಡು, ಆಮ್ಯಾಲೆ ಮಾತಾಡು."

ಚೇಟನ ಲ್ಯಾಪ್‌ಟಾಪಿನಲ್ಲಿ ನಾನೂ ಹಾಕಿಸಿಕೊಂಡು ಆಡಿದೆ. ಹತ್ತು ನಿಮಿಷದಲ್ಲಿ ಕಣ್ಣು ಜಗಳ ಬಿಟ್ಟಿತು. ಯಾಕೆ ಅಂದರೆ ಕೈಗೆ ಎಲ್ಲಾ ಗೊತ್ತಿತ್ತು. ಒಂದು ತುಂಡಿನ ಎತ್ತರ ಜಿಗಿದು ಹತ್ತಬಹುದು, ಎರಡು ಆಗಲ್ಲ. ಬಗ್ಗಿ ನಡೆದರೆ ಅಂಚಿನಿಂದ ಕೆಳಗೆ ಬೀಳಲ್ಲ. ಮರದ ಬುಡ ಕಡಿದರೆ ಮೇಲಿನದು ಗಾಳಿಯಲ್ಲೇ ನಿಲ್ಲುತ್ತದೆ, ಆದರೆ ಮರಳಿನ ಅಡಿ ತೆಗೆದರೆ ಮರಳು ಬೀಳುತ್ತದೆ. ಸಮತಟ್ಟು ನೆಲದಲ್ಲಿ ನೀರು ಏಳು ತುಂಡು ಹರಿದು ನಿಲ್ಲುತ್ತದೆ. ಎರಡಕ್ಕೆರಡು ಗುಂಡಿ ತೋಡಿ ಎದುರುಬದುರು ಮೂಲೆಗೆ ಒಂದೊಂದು ಬಕೆಟ್ ಸುರಿದರೆ ಅದು ಬತ್ತದ ಬಾವಿ. ಇಪ್ಪತ್ತು ನಿಮಿಷಕ್ಕೆ ಒಂದು ಹಗಲು-ರಾತ್ರಿ. ಇವು ಯಾವುವೂ ಪ್ರಕೃತಿಯ ನಿಯಮ ಅಲ್ಲ, ಆ ಆಟದ ನಿಯಮ. ಯಾರೂ ನನಗೆ ಬಾಯಿಪಾಠ ಮಾಡಿಸಿರಲಿಲ್ಲ, ಬೆರಳಿಗೆ ಹತ್ತಿತ್ತು. ಬೆರಳು ತಡವರಿಸಲಿಲ್ಲ ಅಂದರೆ ನಕಲು ಮಾಡಿದವರು ಸರಿಯಾದ್ದನ್ನೇ ನಕಲು ಮಾಡಿದ್ದಾರೆ ಅಂತ ಅರ್ಥ.

ನಮ್ಮ ಕಸುಬಿನಲ್ಲಿ ಇದು ದಿನಾ ಬರುತ್ತೆ. ನಾನು ಕಲಿತಾಗ ಕೆಂಪು, ಹಳದಿ, ನೀಲಿ ಮೂರು ಫೇಸು, ಕಪ್ಪು ನ್ಯೂಟ್ರಲ್. ಯುರೋಪಿನಿಂದ ಬಂದ ಪ್ಯಾನೆಲ್ ಬಾಗಿಲು ತೆಗೆದರೆ ಕಂದು, ಕಪ್ಪು, ಬೂದು ಫೇಸು, ನೀಲಿ ನ್ಯೂಟ್ರಲ್. ನನ್ನ ನೀಲಿ ಅವರ ನೀಲಿ ನೋಡೋಕೆ ಒಂದೇ, ನಡತೆ ಪೂರ್ತಿ ಉಲ್ಟಾ. ಬಣ್ಣ ನಂಬಿ ಕೈ ಹಾಕಿದವನು ಹೋದ. ಟೆಸ್ಟರ್ ಹಚ್ಚಿ ನೋಡಿದವನು ಉಳಿದ. ಹಾಗೇ ಸುಟ್ಟ ಕಾಂಟ್ಯಾಕ್ಟರಿಗೆ ಬದಲಿ ತರುವಾಗ ಅದೇ ಬಣ್ಣ, ಅದೇ ಕಂಪನಿ ಇರಬೇಕು ಅಂತ ನಾನು ನೋಡಲ್ಲ. ಕಾಯಿಲ್ ವೋಲ್ಟೇಜ್ ಅದೇನಾ, ಮೋಟರಿನ ಕರೆಂಟ್ ಹೊರುತ್ತದಾ, ಆಕ್ಸಿಲರಿ ಕಾಂಟ್ಯಾಕ್ಟ್ ಎಷ್ಟು ಓಪನ್, ಎಷ್ಟು ಕ್ಲೋಸ್, ಅದನ್ನು ನೋಡ್ತೀನಿ.

ಇಷ್ಟೆಲ್ಲಾ ತಿಳಿದ ನಾನೇ ಟೆಸ್ಟರ್ ಹಚ್ಚದೆ ಕೈ ಹಾಕಿದೆ. ಅದನ್ನು ಹೇಳೋಕೇ ಇಲ್ಲಿ ನಿಂತಿರೋದು.

ನಾವಿಬ್ಬರೂ ಒಂದು ಪದ್ಧತಿ ಮಾಡಿಕೊಂಡಿದ್ದೆವು. ನಾನು ಇಲ್ಲಿ ಜಾವಾ ಆವೃತ್ತಿಯಲ್ಲಿ ಸರ್ಕ್ಯೂಟ್ ಕಟ್ಟಿ, ಹಾಳೆಯ ಮೇಲೆ ಬರೆದು ಫೋಟೋ ಕಳಿಸುವುದು. ಅವನು ಅಲ್ಲಿ ಕಟ್ಟುವುದು. ಗುರುವಾರ ರಾತ್ರಿ ಡ್ರಾಯಿಂಗ್, ಶುಕ್ರವಾರ ನನಗೆ ರಜೆ, ಅವನು ಶಾಲೆಯಿಂದ ಬಂದ ಮೇಲೆ ಫೋನು. ಅಕ್ಕನ ಮನೆಯಲ್ಲಿ ನೀರಿನ ಟ್ಯಾಂಕಿ ತುಂಬಿ ಹರಿದು ಗೋಡೆ ಹಾಳಾಗುತ್ತೆ ಅಂತ ಅಕ್ಕ ಯಾವಾಗಲೂ ಗೊಣಗುತ್ತಾಳೆ. ಅದಕ್ಕೆ ನಾನು ಆಟದೊಳಗೆ ಟ್ಯಾಂಕಿಯ ಮಟ್ಟ ತೋರಿಸುವ ಸರ್ಕ್ಯೂಟ್ ಮಾಡಿದೆ.

ಅದು ಹೀಗೆ. ಕಂಪ್ಯಾರೇಟರ್ ಅಂತ ಒಂದು ಸಾಮಾನು ಇದೆ, 2013ರಲ್ಲಿ ಆಟಕ್ಕೆ ಬಂದದ್ದು. ಅದನ್ನು ಪೆಟ್ಟಿಗೆಯ ಪಕ್ಕ ಇಟ್ಟರೆ ಪೆಟ್ಟಿಗೆ ಎಷ್ಟು ತುಂಬಿದೆ ಅನ್ನುವುದನ್ನು ಅಳೆದು 0ಯಿಂದ 15ರವರೆಗೆ ಸಿಗ್ನಲ್ ಕೊಡುತ್ತದೆ. ಪೆಟ್ಟಿಗೆಯಲ್ಲಿ 27 ಖಾನೆ, ಒಂದು ಖಾನೆಗೆ 64 ಕಲ್ಲು, ಒಟ್ಟು 1728. ಒಂದೇ ಕಲ್ಲು ಹಾಕಿದರೂ ಬಲ 1. ಪೂರ್ತಿ ತುಂಬಿದರೆ ಮಾತ್ರ 15. ಆ ಸಿಗ್ನಲನ್ನು ಹದಿನೈದು ತುಂಡು ಪುಡಿಯ ಮೇಲೆ ಓಡಿಸಿ, ಮೂರು ಮೂರು ತುಂಡಿಗೆ ಒಂದು ರಿಪೀಟರ್ ಪಕ್ಕಕ್ಕೆ ತಿರುಗಿಸಿ ಒಂದೊಂದು ದೀಪ ಇಟ್ಟೆ. (ದೀಪಗಳನ್ನು ಒತ್ತಾಗಿ ಇಡಬಾರದು, ಒಂದರ ಕರೆಂಟು ಪಕ್ಕದ್ದಕ್ಕೆ ದಾಟುತ್ತೆ. ಇದನ್ನು ಕಂಡುಹಿಡಿಯೋಕೆ ನನಗೆ ಒಂದು ರಾತ್ರಿ ಹೋಯಿತು.) ಐದು ದೀಪ. 247 ಕಲ್ಲಿಗೆ ಮೊದಲನೆಯದು, 618ಕ್ಕೆ ಎರಡನೆಯದು, 988ಕ್ಕೆ ಮೂರು, 1358ಕ್ಕೆ ನಾಲ್ಕು, 1728ಕ್ಕೆ ಐದು. ನನ್ನ ಹತ್ತಿರ ಚಂದ ನಡೆಯಿತು. ಡ್ರಾಯಿಂಗ್ ಕಳಿಸಿದೆ.

ಶುಕ್ರವಾರ ಹುಡುಗನ ಫೋನು. "ಮಾಮಾ, ಒಂದು ಕಲ್ಲು ಹಾಕಿದ್ರ ಐದೂ ದೀಪ ಹತ್ತತಾವು."

"ನಿನ್ನ ವೈರಿಂಗ್ ತಪ್ಪೈತಿ. ಎಲ್ಲೋ ಶಾರ್ಟ್ ಮಾಡೀದಿ."

"ಇಲ್ಲ ಮಾಮಾ, ನೀ ಬರ್ದಂಗ ಹಾಕೀನಿ."

"ಬಿಚ್ಚಿ ಮತ್ತೊಮ್ಮೆ ಹಾಕು."

ಹಾಕಿದ. ಮತ್ತೆ ಅದೇ. ಮೂರು ಶುಕ್ರವಾರ ಇದೇ ನಡೆಯಿತು. ಮೂರನೆಯ ಸಲ ನಾನು ಸೈಟಿನಲ್ಲಿ ಹೆಲ್ಪರ್ ಹುಡುಗರಿಗೆ ಬೈಯುವ ದನಿಯಲ್ಲಿ ಬೈದೆ. "ಡ್ರಾಯಿಂಗ್ ಓದಾಕ ಬರದವ ಈ ಕೆಲಸಕ್ಕ ಕೈ ಹಾಕಬಾರದು" ಅಂದುಬಿಟ್ಟೆ. ಅವನು ಏನೂ ಅನ್ನಲಿಲ್ಲ, ಫೋನು ಇಟ್ಟ. ಮುಂದಿನ ವಾರ ಎತ್ತಲಿಲ್ಲ. ಅದರ ಮುಂದಿನ ವಾರ ಅಕ್ಕ ಎತ್ತಿ, "ಏನಂದಿಯೋ ಅವಗ? ಕಂಪ್ಯೂಟರ್ ಮುಚ್ಚಿ ಕಪಾಟಿನ ಮ್ಯಾಲೆ ಇಟ್ಟಾನ" ಅಂದಳು.

ಅದೇ ತಿಂಗಳು ನನಗೆ ಸೈಟಿನಲ್ಲಿ ಒಂದು ಪೆಟ್ಟು ಬಿತ್ತು. ಒಂದು ಕಟ್ಟಡ, ಹೆಸರು ಬೇಡ. ಎರಡು ನೀರಿನ ಪಂಪು, ಹಳೇ ಕಂಟ್ರೋಲ್ ಪ್ಯಾನೆಲ್. ಅದನ್ನು ತೆಗೆದು ಹೊಸದು ಕೂರಿಸಬೇಕು. ಡ್ರಾಯಿಂಗಿನಲ್ಲಿ, ಮೊದಲ ಪಂಪು ಶುರುವಾಗಿ 10 ಸೆಕೆಂಡಿಗೆ ಎರಡನೆಯದು ಅಂತ ಇತ್ತು. ನಾನು ಟೈಮರ್ 10ಕ್ಕೆ ಇಟ್ಟೆ. ಟರ್ಮಿನಲ್ ಟರ್ಮಿನಲ್ ಹೋಲಿಸಿದೆ, ಒಂದು ವೈರೂ ತಪ್ಪಿಲ್ಲ. ರಾತ್ರಿ ಮೇನ್ ಬ್ರೇಕರ್ ಬಿತ್ತು. ಮರುದಿನವೂ ಬಿತ್ತು. ಕಟ್ಟಡಕ್ಕೆ ನೀರಿಲ್ಲ, ಜನ ಕೆಳಗಿಳಿದು ಬಂದು ಕೂಗಾಡಿದರು. ಮೂರನೇ ದಿನ ಅಲ್ಲಿನ ವಾಚ್‌ಮನ್, ಬಾಂಗ್ಲಾದವರು, ವಯಸ್ಸಾದವರು, ಹಿಂದಿಯಲ್ಲಿ ಹೇಳಿದರು: ಹಳೇದು ಹೀಗಿರಲಿಲ್ಲ, ಮೊದಲ ಪಂಪಿನ ಸದ್ದು ಸಮ ಆದ ಮೇಲೆ ನಾನು ಒಂದು ಬೀಡಿ ಹಚ್ಚುತ್ತಿದ್ದೆ, ಆಮೇಲೆ ಎರಡನೆಯದು ಶುರುವಾಗುತ್ತಿತ್ತು.

ಗುಜರಿಗೆ ಎಸೆದಿದ್ದ ಹಳೇ ಟೈಮರ್ ಹುಡುಕಿ ತಂದು ಟೇಬಲ್ ಮೇಲೆ ಸಪ್ಲೈ ಕೊಟ್ಟು ನೋಡಿದೆ. ಮುಳ್ಳು 10ರ ಮೇಲೇ ಇತ್ತು, ಆದರೆ ಕಾಂಟ್ಯಾಕ್ಟ್ ಬದಲಾಗೋಕೆ ನಲವತ್ತು ಸೆಕೆಂಡಿನ ಹತ್ತಿರ ತೆಗೆದುಕೊಳ್ಳುತ್ತಿತ್ತು. ಸವೆದು ಹೋಗಿತ್ತು. ಮೋಟರು ಎದ್ದೇಳುವಾಗ ಆರೇಳು ಪಟ್ಟು ಕರೆಂಟ್ ಎಳೆಯುತ್ತೆ. ಆ ಪಂಪಿಗೆ ವೇಗ ಹಿಡಿಯೋಕೆ ಹತ್ತು ಸೆಕೆಂಡ್ ಸಾಲುತ್ತಿರಲಿಲ್ಲ. ಕೆಟ್ಟ ಟೈಮರೇ ಇಷ್ಟು ವರ್ಷ ಆ ಕಟ್ಟಡಕ್ಕೆ ನೀರು ಕೊಟ್ಟಿತ್ತು. ನಾನು ಡ್ರಾಯಿಂಗಿಗೆ ನಿಷ್ಠನಾಗಿದ್ದೆ, ಪ್ಯಾನೆಲ್ಲಿಗೆ ಅಲ್ಲ. ಟೈಮರ್ ತಿರುಗಿಸಿ ಸರಿ ಮಾಡಿದೆ. ಎರಡು ದಿನದ ಸಂಬಳ ಮುರಿದುಕೊಂಡರು, ಅದು ಬೇರೆ ಕಥೆ. "ವೈರಿಂಗ್ ಸರಿಯಾಗೇ ಇದೆ ಸಾರ್" ಅಂತ ನಾನು ಎಷ್ಟು ಸಲ ಹೇಳಿದರೂ ಸೂಪರ್‌ವೈಸರ್ ಕೇಳಲಿಲ್ಲ. ಆವತ್ತು ರಾತ್ರಿ ಮಂಚದ ಮೇಲೆ ಬಿದ್ದುಕೊಂಡಾಗ ಆ ಮಾತು ಎಲ್ಲಿಯೋ ಕೇಳಿದ್ದೀನಲ್ಲ ಅನ್ನಿಸಿತು. ನೀ ಬರ್ದಂಗ ಹಾಕೀನಿ ಮಾಮಾ.

ಎದ್ದು ಚೇಟನನ್ನು ಎಬ್ಬಿಸಿ ಲ್ಯಾಪ್‌ಟಾಪ್ ಇಸಿದುಕೊಂಡು ಹುಡುಗನ ಹತ್ತಿರ ಇದ್ದ ಅದೇ ನಕಲನ್ನು ತೆರೆದೆ. ಸರ್ಕ್ಯೂಟ್ ಗಿರ್ಕ್ಯೂಟ್ ಏನೂ ಇಲ್ಲ. ಒಂದು ಹಿಡಿಕೆ, ಅಲ್ಲಿಂದ ನೇರ ಪುಡಿ, ಕೊನೆಗೆ ಒಂದು ದೀಪ. ಹದಿನೈದು ತುಂಡು, ಹತ್ತಿತು. ಹದಿನಾರು, ಹತ್ತಿತು. ಇಪ್ಪತ್ತೈದು, ಹತ್ತಿತು. ನಲವತ್ತು ತುಂಡು ಹಾಕಿದೆ, ಆಗಲೂ ಹತ್ತಿತು. ಅಲ್ಲಿ ಸಿಗ್ನಲ್ಲಿಗೆ ಬಲವೇ ಇರಲಿಲ್ಲ. ಇದೆ ಅಥವಾ ಇಲ್ಲ, ಎರಡೇ. ಆಗಿನ ಆವೃತ್ತಿಯಲ್ಲಿ ರೆಡ್‌ಸ್ಟೋನ್ ಕೆಲಸಕ್ಕೆ ಮೆಸೆಕಾನ್ಸ್ ಅನ್ನುವ, ಲುವಾಂಟಿಗೆ ಮೊದಲೇ ಇದ್ದ ಬೇರೆ ಸರ್ಕ್ಯೂಟ್ ವ್ಯವಸ್ಥೆಯನ್ನು ತಂದು ಜೋಡಿಸಿದ್ದರು. ಕಂಪ್ಯಾರೇಟರ್ ಇತ್ತು, ನೋಡೋಕೂ ಹಾಗೇ ಇತ್ತು, ಆದರೆ ಪೆಟ್ಟಿಗೆಯಲ್ಲಿ ಏನಾದರೂ ಇದೆಯಾ ಅನ್ನುವುದನ್ನು ಮಾತ್ರ ಹೇಳುತ್ತಿತ್ತು. ಎಷ್ಟಿದೆ ಅಂತ ಹೇಳುತ್ತಿರಲಿಲ್ಲ. ಹುಡುಗನ ವೈರಿಂಗಿನಲ್ಲಿ ಒಂದು ತಪ್ಪೂ ಇರಲಿಲ್ಲ. ಮೂರು ವಾರ ಅವನು ಸರಿಯಾದ್ದನ್ನೇ ಬಿಚ್ಚಿ ಬಿಚ್ಚಿ ಕಟ್ಟಿದ್ದ.

ನಕಲು ಮಾಡಿದವರ ಮೇಲೆ ನನಗೆ ಸಿಟ್ಟಿಲ್ಲ. ಪುಕ್ಕಟೆ ಕೊಟ್ಟವರು. ಹೊರಗಿನಿಂದ ನೋಡಿದರೆ ದೀಪ ಹತ್ತುತ್ತದೆ, ಬಾಗಿಲು ತೆಗೆಯುತ್ತದೆ, ಹೆಚ್ಚಿನವರಿಗೆ ಅಷ್ಟೇ ಸಾಕು. ಅದರ ಮೇಲೆ ಇನ್ನೊಂದನ್ನು ಕಟ್ಟಲು ಹೋದವನಿಗೆ ಮಾತ್ರ ಆ ಕೊರತೆ ಗೊತ್ತಾಗೋದು. ಹಾಗಾಗಿ ನಕಲು ನಿಜವಾ ಅಂತ ನೋಡಬೇಕಾದರೆ ಸುತ್ತಾಡಿ ನೋಡಿದರೆ ಆಗಲ್ಲ. ಮೂಲದಲ್ಲಿ ನಡೆಯುತ್ತಿದ್ದ ಒಂದು ಯಂತ್ರ ತಂದು ಇಲ್ಲಿ ಹಾಗೇ ಕಟ್ಟಬೇಕು. ನಡೆದರೆ ನಿಜ. ಮೂಲ ಆಟದಲ್ಲಿ ಹಾಪರ್ ಅಂತ ಒಂದು ಆಲಿಕೆ ಇದೆ, ಒಂದು ವಸ್ತು ದಾಟಿಸೋಕೆ 0.4 ಸೆಕೆಂಡು. ನೂರು ಕಲ್ಲಿಗೆ ನಲವತ್ತು ಸೆಕೆಂಡು, ಒಂದು ಪೆಟ್ಟಿಗೆ ತುಂಬೋಕೆ ಹನ್ನೊಂದೂವರೆ ನಿಮಿಷ. ಯಾರೋ ಅದನ್ನೇ ಟೈಮರ್ ಮಾಡಿಕೊಂಡು ಏನೋ ಕಟ್ಟಿರುತ್ತಾರೆ. ನಕಲಿನಲ್ಲಿ ಅದು ಅರ್ಧ ಸೆಕೆಂಡ್ ಆದರೆ ಕಣ್ಣಿಗೆ ಕಾಣಲ್ಲ, ಯಂತ್ರ ಕೆಡುತ್ತೆ.

ಇನ್ನೊಂದು ತಮಾಷೆ. ಜಾವಾ ಆವೃತ್ತಿಯಲ್ಲಿ ಪಿಸ್ಟನ್ ಅಂತ ಒಂದು ಸಾಮಾನು, ಎದುರಿನ ತುಂಡನ್ನು ತಳ್ಳುತ್ತದೆ. ಅದಕ್ಕೆ ಒಂದು ವಿಚಿತ್ರ ಬುದ್ಧಿ. ಪಿಸ್ಟನ್ನಿಗೆ ಸಿಗ್ನಲ್ ಕೊಡದೆ, ಅದರ ತಲೆಯ ಮೇಲಿನ ಖಾಲಿ ಜಾಗಕ್ಕೆ ಸಿಗ್ನಲ್ ಮುಟ್ಟುವ ಹಾಗೆ ಮಾಡಿದರೂ ಅದು ಕೆಲಸ ಮಾಡುತ್ತದೆ. ಬಾಗಿಲಿನದು ಎರಡು ತುಂಡು ಎತ್ತರ, ಆ ಬಾಗಿಲಿನ ಲೆಕ್ಕ ಪಿಸ್ಟನ್ನಿಗೂ ಬಂದು ಕೂತಿದ್ದು. ಶುದ್ಧ ದೋಷ. ಆದರೆ ಅಷ್ಟರಲ್ಲಿ ಜನ ಅದರ ಮೇಲೆ ಗುಪ್ತ ಬಾಗಿಲು, ಯಂತ್ರ ಎಲ್ಲಾ ಕಟ್ಟಿಬಿಟ್ಟಿದ್ದರು. ಕಂಪನಿಯವರು ಇದು ಹೀಗೇ ಇರಲಿ ಅಂದರು. ಅವರೇ ಮೊಬೈಲಿಗೆ ಮಾಡಿದ ಬೆಡ್‌ರಾಕ್ ಆವೃತ್ತಿಯಲ್ಲಿ ಆ ಬುದ್ಧಿ ಇಲ್ಲ. ಅಂದರೆ ಮೂಲದವರೇ ಮಾಡಿದ ಎರಡು ಆಟ ಒಂದಕ್ಕೊಂದು ನಿಷ್ಠ ಅಲ್ಲ! ನಕಲು ಮಾಡುವವನು ಯಾವುದಕ್ಕೆ ನಿಷ್ಠನಾಗಿರಬೇಕು? ನನ್ನನ್ನು ಕೇಳಿದರೆ, ಜನ ಯಾವುದರ ಮೇಲೆ ಭಾರ ಹಾಕಿದ್ದಾರೋ ಅದಕ್ಕೆ. ದೋಷವಾದರೂ ಸರಿ. ವಾಚ್‌ಮನ್ ಬೀಡಿಯ ಲೆಕ್ಕ ಡ್ರಾಯಿಂಗಿನಲ್ಲಿ ಇರಲ್ಲ.

ಮತ್ತೆ, ಎಲ್ಲಾ ವ್ಯತ್ಯಾಸವೂ ಮೋಸ ಅಲ್ಲ. ಮೂಲದಲ್ಲಿ ಒಂದು ಸಂಖ್ಯೆ ಕೊಟ್ಟರೆ ಹುಟ್ಟುವ ಬೆಟ್ಟ-ಗುಡ್ಡ, ನಾವು ಆಡಿದ ನಕಲಿನಲ್ಲಿ ಅದೇ ಸಂಖ್ಯೆಗೆ ಹುಟ್ಟಲಿಲ್ಲ. ನನಗೆ ಬೇಜಾರಾಗಲಿಲ್ಲ. ಬೆಟ್ಟ ಬೇರೆಯಾದರೂ ಅದನ್ನು ಕೊರೆಯುವ ರೀತಿ ಅದೇ. ಹಾಡು, ಸದ್ದು, ಹಂದಿಯ ಮುಖ ಹೇಗಿದ್ದರೇನು.

ಹುಡುಗನ ವಿಷಯಕ್ಕೆ ಬರ್ತೀನಿ. ಫೋನು ಎತ್ತುತ್ತಿರಲಿಲ್ಲ, ಹಾಗಾಗಿ ಆ ನಲವತ್ತು ತುಂಡಿನ ಸಾಲಿನ ಎರಡು ಫೋಟೋ ಕಳಿಸಿದೆ, ಒಂದು ಮೂಲದ್ದು ದೀಪ ಆರಿದ್ದು, ಒಂದು ನಕಲಿನದು ದೀಪ ಹತ್ತಿದ್ದು. ಕೆಳಗೆ ಬರೆದೆ: ನಿನ್ನ ವೈರಿಂಗ್ ಸರಿ ಇತ್ತು. ನಾನು ಅಳೆಯದೆ ಬೈದೆ. ತಪ್ಪು ನನ್ನದು. ನಮ್ಮ ಮನೆತನದಲ್ಲಿ ದೊಡ್ಡವರು ಸಣ್ಣವರಿಗೆ ಹಾಗೆ ಬರೆಯೋದಿಲ್ಲ. ಕೈ ಸ್ವಲ್ಪ ನಡುಗಿತು ಅಂತಲೇ ಇಟ್ಟುಕೊಳ್ಳಿ. ಎರಡು ದಿನ ಬಿಟ್ಟು ಉತ್ತರ ಬಂತು: "ಹಂಗಾರ ಇದರಾಗ ಆಗೂ ಹಂಗ ಬ್ಯಾರೆ ಸರ್ಕ್ಯೂಟ್ ಕೊಡು." ಕೊಟ್ಟೆ. ಬಲ ಬೇಡದ, ಇದೆ-ಇಲ್ಲ ಅನ್ನುವುದರಲ್ಲೇ ನಡೆಯುವ ಸರ್ಕ್ಯೂಟುಗಳು. ಅವನು ಆಮೇಲೆ ತಾನೇ ಊರಿನ ಬೀದಿ ಕಟ್ಟಿದ, ನಮ್ಮ ಓಣಿ, ಹನುಮಪ್ಪನ ಗುಡಿ ತನಕ ಬೀದಿದೀಪ, ಒಂದೇ ಹಿಡಿಕೆಗೆ. ನಡುವೆ ಎಲ್ಲೂ ರಿಪೀಟರ್ ಇಲ್ಲ, ಬೇಕಾಗಿರಲಿಲ್ಲ.

ಆಮೇಲೆ ಒಂದು ದಿನ ಅವನ ಕರೆ, ಅಳು ದನಿ. "ಮಾಮಾ, ಅಪ್‌ಡೇಟ್ ಮಾಡಿದೆ. ಓಣ್ಯಾಗಿನ ದೀಪ ಎಲ್ಲಾ ಆರ್ಯಾವು."

ಏನಾಗಿತ್ತು ಗೊತ್ತಾ? ಮೈನ್‌ಕ್ಲೋನಿಯಾದವರು ಹಳೇ ಸರ್ಕ್ಯೂಟ್ ವ್ಯವಸ್ಥೆ ಕಿತ್ತುಹಾಕಿ ರೆಡ್‌ಸ್ಟೋನ್ ಕೆಲಸವನ್ನು ಹೊಸದಾಗಿ ಬರೆದಿದ್ದರು. ಈಗ ಸಿಗ್ನಲ್ಲಿಗೆ ಬಲ ಬಂದಿತ್ತು, ಮೂಲದ ಹಾಗೇ. ಹದಿನೈದು ತುಂಡಿಗೆ ಸಾಯುತ್ತಿತ್ತು. ನಕಲು ಹೆಚ್ಚು ನಿಜವಾಯಿತು, ಅದಕ್ಕೇ ನಮ್ಮ ಓಣಿ ಕತ್ತಲಾಯಿತು. ಅವನು ನಕಲಿನ ದೋಷದ ಮೇಲೆ ಮನೆ ಕಟ್ಟಿದ್ದ. ಈಗ ಹೇಳಿ, ಯಾರದು ಸರಿ? ದೋಷವಾದರೂ ಉಳಿಸಬೇಕು ಅಂತ ಈಗ ತಾನೇ ಹೇಳಿದೆ. ಅದೇ ನ್ಯಾಯ ಹುಡುಗನಿಗೂ ಸಿಗಬೇಕಲ್ಲ. ಈ ಪ್ರಶ್ನೆಗೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ನಾನು ಹೊಸ ಬರವಣಿಗೆಯ ಪರ. ಮೂಲದ ಹಾಗೇ ಇರ್ತೀವಿ ಅಂತ ಬೋರ್ಡು ಹಾಕಿಕೊಂಡವರು ಮೂಲದ ಕಡೆಗೇ ಹೋಗಬೇಕು. ಆದರೆ ಬದಲಾಯಿಸಿದ್ದನ್ನು, ಇನ್ನೂ ಆಗದೇ ಇರುವುದನ್ನು, ಕಟ್ಟುವವನ ಕಣ್ಣಿಗೆ ಬೀಳುವ ಹಾಗೆ ಬರೆದಿಡಬೇಕು. ಪ್ಯಾನೆಲ್ಲಿನ ಬಾಗಿಲ ಒಳಗೆ ನಾವು ಚೀಟಿ ಅಂಟಿಸುತ್ತೇವಲ್ಲ, ಹಾಗೆ. ಆ ಕಟ್ಟಡದ ಪ್ಯಾನೆಲ್ಲಿನಲ್ಲಿ ಈಗ ನನ್ನ ಕೈಬರಹದ ಚೀಟಿ ಇದೆ: ಟೈಮರ್ 40, ಕಡಿಮೆ ಮಾಡಬೇಡಿ.

ಓಣಿಯ ದೀಪ ಸರಿ ಮಾಡೋಕೆ ಒಂದು ಸಂಜೆ ಸಾಕಾಯಿತು. ಹದಿನೈದಕ್ಕೊಂದು ರಿಪೀಟರ್. ಅವನೇ ಲೆಕ್ಕ ಹಾಕಿದ, ನಾನು ಬಾಯಿ ಬಿಡಲಿಲ್ಲ. "ಮಾಮಾ, ಖರೇ ಲೈನಿನ್ಯಾಗೂ ದೂರ ಹೋದಂಗ ಹಿಂಗ ಕಮ್ಮಿ ಆಗತೈತೇನು?" ಅಂತ ಕೇಳಿದ. ಐಟಿಐಯಲ್ಲಿ ನಮ್ಮ ಮೇಷ್ಟ್ರು ವೋಲ್ಟೇಜ್ ಡ್ರಾಪ್ ಹೇಳಿಕೊಟ್ಟಾಗ ನಾನು ಕೇಳದ ಪ್ರಶ್ನೆ ಅದು. ವೈರಿನ ಉದ್ದ, ದಪ್ಪ, ಲೋಡು, ಎಲ್ಲಾ ಫೋನಿನಲ್ಲೇ ಹೇಳಿದೆ. ಇಪ್ಪತ್ತು ನಿಮಿಷ ಆಯಿತು.

ಆಮೇಲೆ ಅವನು ಹಳೇ ಹಾಳೆಯ ಫೋಟೋ ಹುಡುಕಿ ತೆಗೆದ, ಟ್ಯಾಂಕಿಯ ಮಟ್ಟದ್ದು. ಇಟ್ಟುಕೊಂಡಿದ್ದ. ಅದರಲ್ಲಿದ್ದ ಹಾಗೇ ಕಟ್ಟಿದ, ಒಂದು ಗೆರೆ ಬದಲಾಯಿಸಲಿಲ್ಲ. ಪೆಟ್ಟಿಗೆಗೆ ಕಲ್ಲು ತುಂಬುತ್ತಾ ಹೋದ. ಒಂದು ದೀಪ, ಎರಡು, ಮೂರು. 1728 ಕಲ್ಲಿಗೆ ಐದನೆಯದು ಹತ್ತಿತು.

"ಈಗ ಒಂದ ಒಂದು ಕಲ್ಲು ತಗಿ" ಅಂದೆ.

ತೆಗೆದ. ಐದನೆಯ ದೀಪ ಆರಿತು.